ಸಿಟ್ಟು, ಹೊಡೆದಾಟಕ್ಕೆ ಹಾರ್ಮೋನು ಕಾರಣವೇ?

ಬೀಜ ಒಡೆಸಿದ ಹೋರಿ ಸಾಧುವಾಗಿ ನೊಗಕ್ಕೆ ಒಗ್ಗುತ್ತದೆ ಎಂಬುದು ರೈತರಿಗೆ ತಲೆಮಾರುಗಳಿಂದ ಗೊತ್ತು. ಇದರ ಕಾರಣದ ಸುಳಿವು ವಿಜ್ಞಾನಕ್ಕೆ ಸಿಕ್ಕಿದ್ದು ಹುಂಜಗಳಿಂದ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳ ಮೇಲೆ ಪ್ರಯೋಗ ನಡೆಸಿದರು. ವೃಷಣ ತೆಗೆದ ಹುಂಜಗಳು ಸರಿಯಾಗಿ ಕೂಗಲಿಲ್ಲ, ಕಾದಾಟಕ್ಕೂ ಅಷ್ಟಾಗಿ ನಿಲ್ಲಲಿಲ್ಲ. ವೃಷಣವನ್ನು ಹೊಟ್ಟೆಯೊಳಗೆ ಮರಳಿ ಇಟ್ಟವು ಮಾತ್ರ ಎಂದಿನಂತೆ ಕೂಗಿದವು, ಕಾದಾಡಿದವು. ನರದ ಸಂಪರ್ಕ ಕಡಿದಿದ್ದರೂ ಹೀಗಾದದ್ದರಿಂದ, ಪ್ರಭಾವ ರಕ್ತದ ಮೂಲಕ ಹರಡುತ್ತದೆ ಎಂದು ಅವರು ತೀರ್ಮಾನಿಸಿದರು. ಆ ವಸ್ತುವೇ ಟೆಸ್ಟೋಸ್ಟಿರೋನ್. 1935ರಲ್ಲಿ ಅದನ್ನು ಬೇರ್ಪಡಿಸಲಾಯಿತು.

ಈ ಹಾರ್ಮೋನು ಗಂಡಸರಲ್ಲಿ ಮುಖ್ಯವಾಗಿ ವೃಷಣಗಳಲ್ಲಿ, ಹೆಂಗಸರಲ್ಲಿ ಕಡಿಮೆ ಪ್ರಮಾಣದಲ್ಲಿ ಅಂಡಾಶಯ ಹಾಗೂ ಅಡ್ರಿನಲ್ ಗ್ರಂಥಿಗಳಲ್ಲಿ ಉತ್ಪತ್ತಿಯಾಗುತ್ತದೆ.

ಆದರೆ ಮನುಷ್ಯರ ವಿಷಯ ಹುಂಜದಷ್ಟು ಸರಳವಲ್ಲ. ರಕ್ತದಲ್ಲಿನ ಟೆಸ್ಟೋಸ್ಟಿರೋನ್ ಪ್ರಮಾಣಕ್ಕೂ ಆಕ್ರಮಣಕಾರಿ ವರ್ತನೆಗೂ ಇರುವ ನಂಟು ತೀರಾ ದುರ್ಬಲ ಎಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು ಕಂಡುಕೊಂಡಿದ್ದಾರೆ. ರಕ್ತಪರೀಕ್ಷೆ ಮಾಡಿ ಯಾರು ಜಗಳಗಂಟರೆಂದು ಹೇಳಲು ಸಾಧ್ಯವಿಲ್ಲ.

ಕಾರಣ ಮತ್ತು ಪರಿಣಾಮ ಅದಲುಬದಲಾಗುವುದೂ ಉಂಟು. ಕುಸ್ತಿಪಟುಗಳ ಮೇಲೆ 1981ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋತವರಿಗಿಂತ ಗೆದ್ದವರಲ್ಲಿ ಈ ಹಾರ್ಮೋನು ಹೆಚ್ಚು ಏರಿದ್ದು ಕಂಡುಬಂತು. ಅಂದರೆ ಹಾರ್ಮೋನು ವರ್ತನೆಯನ್ನು ಬದಲಿಸುವಂತೆ, ಸ್ಪರ್ಧೆಯೂ ಹಾರ್ಮೋನನ್ನು ಬದಲಿಸುತ್ತದೆ. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್, ಮೆದುಳಿನ ರಾಸಾಯನಿಕವಾದ ಸೆರಟೋನಿನ್‌ಗಳ ಪಾತ್ರವೂ ಇಲ್ಲಿ ಸೇರಿಕೊಳ್ಳುತ್ತದೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದು, 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಕುತೂಹಲಕರ. ಮಹಿಳೆಯರಿಗೆ 0.5 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಅಥವಾ ಔಷಧವಿಲ್ಲದ ಡೋಸ್ ಕೊಟ್ಟು, ಹಣ ಹಂಚಿಕೊಳ್ಳುವ ಆಟ ಆಡಿಸಲಾಯಿತು. ಹಾರ್ಮೋನು ಪಡೆದವರು ಹೆಚ್ಚು ನ್ಯಾಯವಾಗಿ ಹಂಚಿದರು. ಆದರೆ ಏನೇ ಪಡೆದಿರಲಿ, 'ನನಗೆ ಟೆಸ್ಟೋಸ್ಟಿರೋನ್ ಕೊಟ್ಟಿದ್ದಾರೆ' ಎಂದು ನಂಬಿದವರು ಮಾತ್ರ ಹೆಚ್ಚು ಸ್ವಾರ್ಥದಿಂದ ವರ್ತಿಸಿದರು. ಹಾರ್ಮೋನಿಗಿಂತ ಅದರ ಕುರಿತ ನಂಬಿಕೆಯೇ ಕೆಡುಕು ಮಾಡಿತ್ತು.

ವೈದ್ಯರ ಸಲಹೆಯಿಲ್ಲದೆ ಮೈಕಟ್ಟಿಗಾಗಿ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದು ಬೇರೆಯೇ ಮಾತು. ಅತಿಯಾದ ಡೋಸ್‌ನಿಂದ ಕೆಲವರಲ್ಲಿ ಸಿಡುಕು, ಆಕ್ರೋಶ ಹೆಚ್ಚುತ್ತದೆ, ಹೃದಯಕ್ಕೂ ಅಪಾಯ.

'ಗಂಡಸಿನ ರಕ್ತವೇ ಹಾಗೆ' ಎಂದು ಹೆಂಡತಿ ಮಕ್ಕಳ ಮೇಲೆ ಕೈ ಮಾಡುವುದನ್ನು ಸಮರ್ಥಿಸುವವರಿದ್ದಾರೆ. ವಿಜ್ಞಾನ ಆ ಮಾತನ್ನು ಒಪ್ಪುವುದಿಲ್ಲ. ಕುಡಿತ, ಬೆಳೆದ ವಾತಾವರಣ, ಬಾಲ್ಯದಲ್ಲಿ ಕಂಡ ಹಿಂಸೆ ಇವೆಲ್ಲವೂ ಹೊಡೆತ ಬಡಿತಕ್ಕೆ ಕಾರಣವಾಗುತ್ತವೆ. ಭಾರತದಲ್ಲಿ ಇದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ನೊಂದ ಮಹಿಳೆಯರು ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.