ಬಲ ಎಂಬ ಪದ ಮತ್ತು ಗುಬ್ಬಿ ಸೀಮೆಯ ಕಾವಲುಗಳು

ಹಳಗನ್ನಡ ಕಾವ್ಯಗಳ ಓದುಗರಿಗೆ ‘ಬಲ’ ಎಂದೊಡನೆ ಮೊದಲು ನೆನಪಾಗುವುದು ಸೈನ್ಯ. ಚತುರಂಗಬಲ, ಅರಿಬಲ ಮೊದಲಾದ ಪ್ರಯೋಗಗಳು ಪರಿಚಿತವೇ. ಆಧುನಿಕ ಭೌತಶಾಸ್ತ್ರದ ಕನ್ನಡ ಪಠ್ಯಗಳು ಅದೇ ಪದವನ್ನು ವಸ್ತುವಿನ ಚಲನೆಯನ್ನು ಬದಲಿಸುವ ಕಾರಣಕ್ಕೆ ಪಾರಿಭಾಷಿಕವಾಗಿ ಬಳಸಿಕೊಂಡವು. ಈ ಎರಡು ಅರ್ಥಗಳೂ ಒಂದೇ ನೊಗದಡಿ ಸೇರಿದ ಅಧ್ಯಾಯವೊಂದು ಮೈಸೂರು ಚರಿತ್ರೆಯಲ್ಲಿದೆ. ಫಿರಂಗಿ ಎಳೆದ ಎತ್ತುಗಳ ಅಧ್ಯಾಯವದು.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿರುವ ಬಿದರೆಹಳ್ಳಿ ಕಾವಲ್ ಇಂದು ಹೆಲಿಕಾಪ್ಟರ್ ಕಾರ್ಖಾನೆಯಿಂದ ಪ್ರಸಿದ್ಧ. ಆದರೆ ‘ಕಾ’ ಧಾತುವಿನಿಂದ ಬಂದ ‘ಕಾವಲ್’ ಎಂಬ ಪದ ಮೈಸೂರು ಸೀಮೆಯಲ್ಲಿ ಕಾದಿರಿಸಿದ ಹುಲ್ಲುಗಾವಲನ್ನು ಸೂಚಿಸುತ್ತದೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಯ ದನಗಳ ಪಾಲನೆಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ರೂಪುಗೊಂಡಿತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಈ ತಳಿಯ ಮೂಲ ಮೂರು ಬಗೆಗಳೆಂದು ಹಳ್ಳಿಕಾರ್, ಚಿತ್ರದುರ್ಗ ಮತ್ತು ಹಾಗಲವಾಡಿಯ ದನಗಳನ್ನು ಹೆಸರಿಸಲಾಗಿದೆ. ಪಾಳೆಯಗಾರರ ನೆಲೆಯಾಗಿದ್ದ ಆ ಹಾಗಲವಾಡಿ ಗುಬ್ಬಿ ತಾಲ್ಲೂಕಿನದೇ.

ಚಿಕ್ಕದೇವರಾಜರಿಗೆ ಬೆಂಗಳೂರು ದಕ್ಕಿದ 1687ರಲ್ಲೇ ಲಂಡನ್ನಿನಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಪ್ರಕಟವಾಯಿತು. ಇದು ಕೇವಲ ಕಾಕತಾಳೀಯ. ಆದರೂ ಆ ಗ್ರಂಥ ಸೂತ್ರೀಕರಿಸಿದ್ದನ್ನು ಫಿರಂಗಿಯ ಬಂಡಿ ಹೊಡೆಯುವವನು ಮೈಯಿಂದಲೇ ಬಲ್ಲವನಾಗಿದ್ದನು. ನಿಂತ ಬಂಡಿಯನ್ನು ಕದಲಿಸುವುದು ಕಷ್ಟ, ಕದಲಿದ ಬಂಡಿಯನ್ನು ನಡೆಸುವುದು ಅಷ್ಟು ಕಷ್ಟವಲ್ಲ. ವಸ್ತು ತನ್ನ ಸ್ಥಿತಿಯನ್ನು ತಾನಾಗಿ ಬದಲಿಸಿಕೊಳ್ಳದು. ಅದು ಜಡತ್ವ. ಅದರ ಜೊತೆಗೆ ನೆಲದಲ್ಲಿ ಹೂತ ಗಾಲಿಯ ತಡೆಯನ್ನೂ ಮೊದಲ ಎಳೆತವೇ ಗೆಲ್ಲಬೇಕು. ಸಮವೇಗದಲ್ಲಿ ಸಾಗುವಾಗ ಎತ್ತುಗಳ ಎಳೆತವು ಘರ್ಷಣೆ ಮೊದಲಾದ ತಡೆಗಳನ್ನು ಸರಿದೂಗಿಸುತ್ತದೆ, ಅಷ್ಟೆ. ಆಗ ಬಂಡಿಯ ಮೇಲಿನ ನಿವ್ವಳ ಬಲ ಶೂನ್ಯ. ಚಲನೆ ಇರುವಲ್ಲೆಲ್ಲ ನಿವ್ವಳ ಬಲ ಇರಲೇಬೇಕೆಂಬ ಅರಿಸ್ಟಾಟಲನ ಕಾಲದ ಭ್ರಮೆ ಇಂದಿನ ವಿದ್ಯಾರ್ಥಿಗಳಲ್ಲೂ ಉಳಿದಿರುವುದು ಸೋಜಿಗ. ಬಲ ಬೇಕಾಗುವುದು ವೇಗವನ್ನೋ ದಿಕ್ಕನ್ನೋ ಬದಲಿಸಲು. ಏರುದಾರಿಯಲ್ಲಿ ಫಿರಂಗಿಯ ತೂಕದ ಒಂದಂಶ ಹಿಂದಕ್ಕೆಳೆಯುತ್ತದೆ, ಕೆಸರಿನಲ್ಲಿ ತಡೆ ಹೆಚ್ಚುತ್ತದೆ. ಬಲಕ್ಕೆ ದಿಕ್ಕೂ ಉಂಟಾದ್ದರಿಂದ ಹಲವು ಜೋಡಿಗಳನ್ನು ಕಟ್ಟಿದರೂ ಅವು ಒಂದೇ ಹೆಜ್ಜೆಯಲ್ಲಿ, ಒಂದೇ ನೇರದಲ್ಲಿ ಎಳೆಯದಿದ್ದರೆ ಶಕ್ತಿ ಪೋಲಾಗುತ್ತದೆ.

ಅಮೃತಮಹಲ್ ಎತ್ತುಗಳ ಹಿರಿಮೆ ಇಲ್ಲಿಯೇ ಕಾಣುತ್ತದೆ. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ 100 ಮೈಲಿ ಕ್ರಮಿಸಿದ್ದನ್ನೂ ಟಿಪ್ಪು ಜನರಲ್ ಮೆಡೋಸನ ಎದುರು ಎರಡು ದಿನಗಳಲ್ಲಿ 63 ಮೈಲಿ ನಡೆದದ್ದನ್ನೂ ಮೈಸೂರು ಗೆಜೆಟಿಯರು ಈ ದನಗಳ ಕೀರ್ತಿಗೆ ಸೇರಿಸುತ್ತದೆ. ಸೋತ ಕಾಳಗದಿಂದಲೂ ಫಿರಂಗಿಗಳನ್ನು ಶತ್ರುವಿನ ಕಣ್ಣೆದುರೇ ಹಿಂದೆಗೆಯಲು ಸಾಧ್ಯವಾಗುತ್ತಿತ್ತಂತೆ. ರಾಜರ ಶೌರ್ಯವನ್ನು ವರ್ಣಿಸುವ ಚರಿತ್ರಕಾರರು ಮೇವಿನ ನೆಲದ ಲೆಕ್ಕವನ್ನು ಅಡಿಟಿಪ್ಪಣಿಗೆ ತಳ್ಳಿರುವುದು ನ್ಯಾಯವಲ್ಲ.

1799ರ ನಂತರ ಈ ಹಿಂಡುಗಳು ಮೈಸೂರು ಸರಕಾರದ ಕೈಯಲ್ಲಿದ್ದು ಕ್ಷೀಣಿಸಿದವು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಬ್ರಿಟಿಷ್ ಅಧಿಕಾರಿ ಅವುಗಳ ಉಸ್ತುವಾರಿ ವಹಿಸಿಕೊಂಡ. 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಮಿತವ್ಯಯದ ಹೆಸರಿನಲ್ಲಿ ಇಡೀ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. ಆರೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ಹುಲ್ಲಿನ ಖರ್ಚನ್ನು ಕಂಡ ಲೆಕ್ಕಪತ್ರಕ್ಕೆ, ತಲೆಮಾರುಗಳ ಆಯ್ಕೆಯಿಂದ ಬಂದ ಬಲ ಕಂಡಿರಲಿಲ್ಲ.

ಬಿದರೆಹಳ್ಳಿ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ 615 ಎಕರೆಗಳ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2023ರ ಫೆಬ್ರವರಿ 6ರಂದು ಅದು ಉದ್ಘಾಟನೆಗೊಂಡಿತು. ಮೊದಲಿಗೆ ಇಲ್ಲಿ ತಯಾರಿಸಲು ಉದ್ದೇಶಿಸಿದ್ದು ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರ್. ತಿರುಗುವ ಅಲಗುಗಳು ಗಾಳಿಯನ್ನು ಕೆಳಗೆ ತಳ್ಳುತ್ತವೆ, ಗಾಳಿ ಅಲಗುಗಳನ್ನು ಮೇಲಕ್ಕೆ ತಳ್ಳುತ್ತದೆ. ಮೂರು ಟನ್ನಿನ ತೂಕ ಸುಮಾರು 29,400 ನ್ಯೂಟನ್. ಮೇಲ್ಮುಖ ಬಲ ಅದಕ್ಕಿಂತ ಹೆಚ್ಚಾದಾಗ ಯಂತ್ರ ನೆಲ ಬಿಟ್ಟೇಳುತ್ತದೆ. ಎರಡೂ ಸಮವಾದಾಗ ಅದು ಆಕಾಶದಲ್ಲಿ ನಿಲ್ಲಬಲ್ಲದು, ಇಲ್ಲವೇ ಬಂಡಿಯಂತೆ ಸಮವೇಗದಲ್ಲಿ ಏರುತ್ತಲೂ ಇರಬಹುದು. ಮೇಲಿನ ಅಲಗುಗಳು ಒಂದು ದಿಕ್ಕಿಗೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ತಿರುಗಲೆಳಸುತ್ತದೆ. ಬಾಲದ ಚಿಕ್ಕ ಅಲಗುಗಳು ಅದನ್ನು ತಡೆದು ಹಿಡಿಯುತ್ತವೆ. ಇಲ್ಲಿ ಸಿದ್ಧವಾಗುವ ಯಂತ್ರಗಳ ಬಹುಪಾಲು ಸೇನೆಗಾಗಿಯೇ ಉದ್ದೇಶಿತವಾದವು. ಕಾರ್ಖಾನೆಯ ವಿಳಾಸದಲ್ಲಿ ‘ಕಾವಲ್’ ಎಂಬ ಪದ ಹಾಗೆಯೇ ಉಳಿದುಕೊಂಡಿದೆ.