ಸುರಂಗದ ನೀರು, ಗಾಳಿಯ ಬಾವಿ
ಭೀಮಾ ನದಿಗೆ ತಾಗಿದ ಅಫಜಲಪುರ ಹಾಗೂ ಜೇವರ್ಗಿ, ಅಮರ್ಜಾ ಕಣಿವೆಯ ಆಳಂದ ತಾಲ್ಲೂಕುಗಳಿರುವ ಸೀಮೆಯು, 1347ರಲ್ಲಿ ಸ್ಥಾಪನೆಗೊಂಡು ಕಲಬುರಗಿಯನ್ನು ರಾಜಧಾನಿಯಾಗಿಸಿಕೊಂಡ ಬಹಮನಿ ರಾಜ್ಯದ ನಡುನೆಲವಾಗಿತ್ತು. 15ನೆಯ ಶತಮಾನದಲ್ಲಿ ರಾಜಧಾನಿ ಬೀದರಿಗೆ ಸಾಗಿದ ಮೇಲೆ, ಅಲ್ಲಿನ ನೌಬಾದಿನಲ್ಲಿ ಪರ್ಷಿಯಾ ಮೂಲದ ಕರೇಜ್, ಅಂದರೆ ಅಂತರ್ಜಲವನ್ನು ಸೌಮ್ಯ ಇಳಿಜಾರಿನ ಸುರಂಗದಲ್ಲಿ ತಾನಾಗಿಯೇ ಹರಿಸುವ ವ್ಯವಸ್ಥೆ, ರೂಪುಗೊಂಡಿತು. ಸುರಂಗದ ಉದ್ದಕ್ಕೂ ಅಂತರ ಬಿಟ್ಟು ಕೊರೆದ ಗಾಳಿಬಾವಿಗಳು ಅಗೆಯುವವರಿಗೆ ಗಾಳಿ, ಬೆಳಕು ಒದಗಿಸಿದ್ದಲ್ಲದೆ, ಮಣ್ಣು ಮೇಲೆತ್ತುವುದಕ್ಕೂ ಮುಂದೆ ಹೂಳು ತೆಗೆಯುವುದಕ್ಕೂ ದಾರಿಯಾದವು. ಬೀದರಿನ ಮೃದುವಾದ ಜಂಬಿಟ್ಟಿಗೆಯ ನೆಲ ಈ ಕೆಲಸಕ್ಕೆ ಒಗ್ಗಿದರೆ, ಆಳಂದ, ಅಫಜಲಪುರಗಳ ಗಡಸು ಕಪ್ಪುಶಿಲೆಯ ನೆಲದಲ್ಲಿ ತೆರೆದ ಬಾವಿಯೇ ಆಸರೆಯಾಯಿತು. ಗಾಳಿಗೆ ದಾರಿ ಬಿಡದೆ ನೀರಿನ ಕಟ್ಟಡ ಬಾಳದೆಂಬ ಅರಿವು ಈ ನಾಡಿಗೆ ಹಳೆಯದು. ಆದ್ದರಿಂದಲೇ ಆ ಗಾಳಿಬಾವಿಗಳು ಮುಚ್ಚಿಹೋಗದಂತೆ ಕಾಯುವುದು ಅಗತ್ಯ.