ಪತ್ತಿಕೊಂಡ ಸೀಮೆ: ಮನೋಚಿಕಿತ್ಸೆಯ ವೆಚ್ಚದ ಇತಿಹಾಸ

ಆಂಧ್ರಪ್ರದೇಶದ ಪತ್ತಿಕೊಂಡ ಮತ್ತು ಆದೋನಿ ಸೀಮೆಯಲ್ಲಿ ಮನೋರೋಗದ ಚಿಕಿತ್ಸೆಯ ಖರ್ಚು ಬಹುಕಾಲ ಮನೆಯವರ ಮೇಲೆಯೇ ಬೀಳುತ್ತಿತ್ತು. ಸೀಮೆಯ ಪಶ್ಚಿಮ ಭಾಗದ ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆಂಧ್ರ ರಾಜ್ಯ ರಚನೆಯಾದಾಗ ಆ ಕಡೆಗೆ ಹೋದವು.

ಮೊದಲ ದೊಡ್ಡ ಬದಲಾವಣೆ ಅದೇ ಬಳ್ಳಾರಿಯಲ್ಲಿ ಆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಮೇಲೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಪ್ರಯೋಗಕ್ಕೆ ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಅಗತ್ಯ ಔಷಧಿಗಳನ್ನು ಹಳ್ಳಿಗಳ ಸಮೀಪಕ್ಕೇ ತಲುಪಿಸಲಾಯಿತು. ಈ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಇಲ್ಲಿ ಖರ್ಚು ಸರ್ಕಾರದ್ದು, ವಿಮೆಯ ಪಾತ್ರವಿರಲಿಲ್ಲ.

2007ರಲ್ಲಿ ಆಂಧ್ರಪ್ರದೇಶದ ಆರೋಗ್ಯಶ್ರೀ ಯೋಜನೆ ಬಡ ಕುಟುಂಬಗಳಿಗೆ ನಗದುರಹಿತ ಆಸ್ಪತ್ರೆ ಚಿಕಿತ್ಸೆಯನ್ನು ತಂದಿತು. ಖಾಸಗಿ ಪಾಲಿಸಿಗಳು ಮಾತ್ರ ಸಾಮಾನ್ಯವಾಗಿ ಮನೋರೋಗವನ್ನು ಹೊರಗಿಡುತ್ತಿದ್ದವು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 21ನೇ ಸೆಕ್ಷನ್ ಆ ಭೇದವನ್ನು ತೊಡೆಯಿತು: ದೈಹಿಕ ಕಾಯಿಲೆಗೆ ಸಿಗುವ ವಿಮೆಯ ತಳಹದಿಯಲ್ಲೇ ಮನೋರೋಗಕ್ಕೂ ವಿಮೆ ಸಿಗಬೇಕು. ಅದೇ ವರ್ಷದ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2022ರ ಅಕ್ಟೋಬರ್‌ನಲ್ಲಿ ಮತ್ತೆ ಎಚ್ಚರಿಸಿತು.

ಆದರೂ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಷ್ಟೇ ಹಣ ಕೊಡುತ್ತವೆ. ವಾರಕ್ಕೊಮ್ಮೆಯ ಆಪ್ತಸಮಾಲೋಚನೆ ಹೊರರೋಗಿ ಸೇವೆ; ಅದಕ್ಕೆ ಓಪಿಡಿ ಸೌಲಭ್ಯವಿರುವ ಪಾಲಿಸಿ ಬೇಕು. ಪಾಲಿಸಿ ಇಲ್ಲದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಉಚಿತ ಸಮಾಲೋಚನೆ ಒದಗಿಸುತ್ತಿದೆ.